ಸಂಧಿಯೂ ವಿಗ್ರಹವೂ: ಚೇಪಾಕ್ ಅರಮನೆ ಮತ್ತು ಮೈಸೂರು

ಮದರಾಸಿನ ತ್ರಿಪ್ಲಿಕೇನ್ ಪರಿಸರದಲ್ಲಿ ಪಾರ್ಥಸಾರಥಿ ದೇವಾಲಯ, ವಾಲಾಜಾ ಮಸೀದಿ, ಆರ್ಕಾಟಿನ ನವಾಬರ ಚೇಪಾಕ್ ಅರಮನೆ ಮತ್ತು ಮದರಾಸು ವಿಶ್ವವಿದ್ಯಾನಿಲಯ ಒಂದಕ್ಕೊಂದು ಸಮೀಪದಲ್ಲಿವೆ. ದೇವಾಲಯದ ಉತ್ಸವಮೂರ್ತಿಯ ಮುಖದ ಮೇಲಿನ ಗುರುತುಗಳು ಭೀಷ್ಮನ ಬಾಣಗಳಿಂದಾದ ಗಾಯಗಳೆಂದು ಸಂಪ್ರದಾಯ ಹೇಳುತ್ತದೆ. ಸಂಧಾನಕ್ಕೆ ಹೋದ ಕೃಷ್ಣನೇ ಅದು ಮುರಿದಾಗ ರಥವನ್ನೂ ನಡೆಸಿದನು. ದೌತ್ಯದ ಹೊಣೆ ಹೊತ್ತವನು ಯುದ್ಧದ ಗಾಯವನ್ನೂ ಹೊರಬೇಕೆಂಬ ಈ ಕಲ್ಪನೆ ಕನ್ನಡಿಗರಿಗೆ ಹೊಸದಲ್ಲ. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹನು ಚಾಲುಕ್ಯ ಇಮ್ಮಡಿ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದನು. ಸಂಧಿ ಮತ್ತು ವಿಗ್ರಹಗಳನ್ನು ಒಂದೇ ಪದವಿಯಲ್ಲಿ ಸೇರಿಸಿದ ಆ ಹೆಸರಿನಲ್ಲಿಯೇ ಒಂದು ರಾಜನೀತಿಯಿದೆ. ಹದಿನೆಂಟನೆಯ ಶತಮಾನದ ಮೈಸೂರು ಈ ನೀತಿಯನ್ನು ಎಷ್ಟರಮಟ್ಟಿಗೆ ಪಾಲಿಸಿತೆಂಬುದು ಇಂದಿಗೂ ವಿಚಾರಾರ್ಹವಾದ ಪ್ರಶ್ನೆ.

ಚೇಪಾಕಿಗೂ ಮೈಸೂರಿಗೂ ಇದ್ದ ವೈರದ ಮೂಲ ಒಂದು ಮುರಿದ ಮಾತಿನಲ್ಲಿದೆ. ಚಂದಾಸಾಹೇಬನಿಂದ ತಿರುಚಿರಾಪಳ್ಳಿಯಲ್ಲಿ ಮುತ್ತಿಗೆಗೆ ಒಳಗಾಗಿದ್ದ ಮಹಮ್ಮದ್ ಅಲಿ, ನೆರವಿಗೆ ಪ್ರತಿಯಾಗಿ ಆ ಕೋಟೆಯನ್ನೇ ಮೈಸೂರಿಗೆ ಬಿಟ್ಟುಕೊಡುವುದಾಗಿ ಒಪ್ಪಿಕೊಂಡನು. ಸರ್ವಾಧಿಕಾರಿ ಕಳಲೆ ನಂಜರಾಜಯ್ಯನು ದಂಡೆತ್ತಿ ಹೋದನು. 1752ರಲ್ಲಿ ಚಂದಾಸಾಹೇಬನು ಹತನಾದ ಮೇಲೆ ನವಾಬನು ಮಾತಿಗೆ ತಪ್ಪಿದನು. ಕೋಟೆಯೊಳಗೆ ಇಂಗ್ಲಿಷರ ಪಡೆಯಿತ್ತು. ಮೈಸೂರಿನವರ ಕೈಯಲ್ಲಿದ್ದದ್ದು ವಾಗ್ದಾನ ಮಾತ್ರ. ನಂಜರಾಜನು ಫ್ರೆಂಚರ ಪಕ್ಷ ಸೇರಿ 1755ರವರೆಗೆ ಹೋರಾಡಿ ಬರಿಗೈಯಲ್ಲಿ ಮರಳಿದನು. ಬೊಕ್ಕಸ ಬರಿದಾಗಿತ್ತು. 1758ರಲ್ಲಿ ಸಂಬಳ ಕಾಣದ ಸೈನಿಕರು ಅವನ ಮನೆಬಾಗಿಲಿನಲ್ಲಿಯೇ ಧರಣಿ ಕುಳಿತಾಗ ಅವರನ್ನು ಸಮಾಧಾನಪಡಿಸಿದವನು ಹೈದರ್ ಅಲಿ. ‘ನಂಜರಾಜಯಶೋಭೂಷಣ’ವೆಂಬ ಅಲಂಕಾರಗ್ರಂಥದ ನಾಯಕನಾದ ಈ ಸಾಹಿತ್ಯಪೋಷಕನು ರಾಜಕಾರಣದಲ್ಲಿ ಸೋತದ್ದು ಶೌರ್ಯದ ಕೊರತೆಯಿಂದಲ್ಲ, ಸಂಧಿಗೆ ಆಧಾರವೇನೆಂದು ವಿಚಾರಿಸುವ ಮೊದಲೇ ದಂಡನ್ನು ಕಳುಹಿಸಿದ್ದರಿಂದ.

ಹೈದರನು ಈ ಅನುಭವದಿಂದ ಕಲಿತನೆಂಬುದಕ್ಕೆ 1769ರ ಘಟನೆ ಸಾಕ್ಷಿ. ತನ್ನ ಪದಾತಿಯನ್ನೂ ಭಾರವಾದ ಸಾಮಗ್ರಿಯನ್ನೂ ಹಿಂದಕ್ಕೆ ಕಳುಹಿಸಿ, ಕುದುರೆ ಪಡೆಯೊಡನೆ ಸುಮಾರು 130 ಮೈಲಿಗಳನ್ನು ಮೂರೂವರೆ ದಿನಗಳಲ್ಲಿ ಕ್ರಮಿಸಿ ಅವನು ಮದರಾಸಿನ ಬಾಗಿಲಿಗೆ ಬಂದನು. ನಗರವನ್ನು ಕೊಳ್ಳೆ ಹೊಡೆಯಲಿಲ್ಲ. ತನ್ನೊಡನೆ ಮಾತನಾಡಲು ಡು ಪ್ರೇ ಎಂಬ ಅಧಿಕಾರಿಯನ್ನು ಕಳುಹಿಸಬೇಕೆಂದು ಕೇಳಿದನು. ಏಪ್ರಿಲ್ ತಿಂಗಳಲ್ಲಿ ಒಪ್ಪಂದವಾಯಿತು. ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸುವುದು, ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಾಗುವುದು ಅದರ ಮುಖ್ಯಾಂಶಗಳು. ದಂಡನ್ನು ದೌತ್ಯದ ಸಾಧನವಾಗಿ ಇಷ್ಟು ಮಿತವಾಗಿ ಬಳಸಿದ ನಿದರ್ಶನಗಳು ವಿರಳ.

ನಮ್ಮ ಚರಿತ್ರಕಾರರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ. ಮುಂದಿನ ಎರಡು ವರ್ಷಗಳನ್ನೂ ಓದುವುದು ಅಗತ್ಯ. ಪೇಶ್ವೆ ಮಾಧವರಾಯನ ಕಾಲದ ಮರಾಠರು 1771ರಲ್ಲಿ ಚಿನಕುರಳಿಯ ಬಳಿ ಹೈದರನನ್ನು ಸೋಲಿಸಿದರು. ಮದರಾಸಿನಿಂದ ಯಾವ ನೆರವೂ ಬರಲಿಲ್ಲ. ಕುದುರೆ ಪಡೆ ನಗರದ ಹೊರಗೆ ನಿಂತಿದ್ದಷ್ಟು ದಿನ ಒಪ್ಪಂದಕ್ಕೆ ಬೆಲೆಯಿತ್ತು. ಅದು ಹಿಂದಿರುಗಿದ ಮೇಲೆ ಮಾತನ್ನು ಉಳಿಸಿಕೊಳ್ಳುವುದರಲ್ಲಿ ಕಂಪನಿಗೆ ಹಿತವಾಗಲಿ ಭಯವಾಗಲಿ ಇರಲಿಲ್ಲ. ಭಯದಿಂದ ಪಡೆದ ಸಹಿಯು ಭಯವಿರುವ ತನಕ ಮಾತ್ರ ಬಾಳುತ್ತದೆ. 1780ರಲ್ಲಿ ಹೈದರನು ಕರ್ನಾಟಿಕ್ ಪ್ರಾಂತದ ಮೇಲೆ ನುಗ್ಗಿ, ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಗೆಲುವನ್ನು ಸಾಧಿಸಿದ್ದಕ್ಕೆ ಈ ವಚನಭಂಗವೂ ಒಂದು ಕಾರಣ. ಅದರ ಬೆಲೆ ತೆತ್ತವರಲ್ಲಿ ಮದರಾಸಿನ ಕೌನ್ಸಿಲ್ಲಿನವರಿಗಿಂತ ಹಳ್ಳಿಗಳ ರೈತರೇ ಹೆಚ್ಚು.

ಟೀಪೂ ಸುಲ್ತಾನನ ದೌತ್ಯ ಇನ್ನೂ ವಿಶಾಲವಾದದ್ದು. 1784ರ ಮಂಗಳೂರು ಒಪ್ಪಂದಕ್ಕಾಗಿ ಮದರಾಸಿನ ಪ್ರತಿನಿಧಿಗಳೇ ಅವನ ಪಾಳೆಯಕ್ಕೆ ಹೋಗಬೇಕಾಯಿತು. 1786ರಲ್ಲಿ ಅವನ ನಿಯೋಗ ಕಾನ್‌ಸ್ಟಾಂಟಿನೋಪಲಿಗೆ ಹೊರಟಿತು. 1788ರ ಆಗಸ್ಟಿನಲ್ಲಿ ಮೂವರು ರಾಯಭಾರಿಗಳು ವರ್ಸೇಲ್ಸ್‌ನಲ್ಲಿ ಹದಿನಾರನೆಯ ಲೂಯಿಯ ದರ್ಶನ ಪಡೆದರು. ಅವರಿಗೆ ಗೌರವ ದೊರೆಯಿತು, ಸೈನ್ಯ ದೊರೆಯಲಿಲ್ಲ. ಇತ್ತ ಪುಣೆ ಮತ್ತು ಹೈದರಾಬಾದುಗಳೊಡನೆ 1787ರವರೆಗೆ ಯುದ್ಧ ನಡೆದಿತ್ತು. 1790ರಲ್ಲಿ ಆ ಇಬ್ಬರೂ ಕಂಪನಿಯ ಜೊತೆ ಸೇರಿದಾಗ ದೂರದ ಸ್ನೇಹಗಳು ಉಪಯೋಗಕ್ಕೆ ಬರಲಿಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಮತ್ತು ಒತ್ತೆಯಾಳುಗಳಾಗಿ ಇಬ್ಬರು ಮಕ್ಕಳನ್ನು ಅವನು ಕೊಡಬೇಕಾಯಿತು.

ಆ ಬಾಲಕರಾದ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ 1794ರವರೆಗೆ ಮದರಾಸಿನಲ್ಲಿದ್ದರು. ಅವರೊಂದಿಗೆ ಬಂದಿದ್ದ ಗುಲಾಂ ಅಲಿ ಖಾನ್ ಮತ್ತು ಅಲಿ ರಜಾ ಖಾನ್ ಎಂಬ ವಕೀಲರು ಇಲ್ಲಿನ ಸುದ್ದಿಯನ್ನು ಸುಲ್ತಾನನಿಗೆ ಬರೆಯುತ್ತಿದ್ದರು. ಹಳೆಯ ವೈರಿಯಾದ ನವಾಬನು ಆಡಿದ ಸ್ನೇಹದ ಮಾತುಗಳೂ ಆ ಪತ್ರಗಳಲ್ಲಿದ್ದವು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಕಾಗದಗಳು ಕಂಪನಿಯ ಕೈಸೇರಿದವು. ಜೊತೆಗೆ ಒಂದು ಸಂಕೇತಪಟ್ಟಿಯೂ ಸಿಕ್ಕಿತು. ಅದರಲ್ಲಿ ಇಂಗ್ಲಿಷರಿಗೆ ‘ಹೊಸದಾಗಿ ಬಂದವರು’ ಎಂಬ ಹೆಸರಿತ್ತು. ಇದನ್ನೇ ರಾಜದ್ರೋಹದ ಪುರಾವೆಯೆಂದು ವೆಲ್ಲೆಸ್ಲಿ ಬಗೆದನು. 1801ರ ಜುಲೈನಲ್ಲಿ ನವಾಬ ಉಮ್ದತ್ ಉಲ್ ಉಮರಾ ಮರಣಶಯ್ಯೆಯಲ್ಲಿದ್ದಾಗಲೇ ಕಂಪನಿಯ ಸೈನಿಕರು ಚೇಪಾಕ್ ಅರಮನೆಯ ಕಾವಲನ್ನು ವಶಪಡಿಸಿಕೊಂಡರು. ಅವನು ತೀರಿಕೊಂಡದ್ದು 15ರಂದು. 31ರಂದು ಅಜೀಮುದ್ದೌಲನು ರಾಜ್ಯಾಡಳಿತವನ್ನು ಕಂಪನಿಗೆ ಬರೆದುಕೊಟ್ಟನು. ಆ ಪುರಾವೆ ಸಾಲದೆಂದು ಮುಂದೆ ಬ್ರಿಟಿಷ್ ಇತಿಹಾಸಕಾರ ಜೇಮ್ಸ್ ಮಿಲ್ಲನೇ ವಾದಿಸಿದನು. ಇಂಗ್ಲಿಷರನ್ನು ನಂಬಿ 1752ರಲ್ಲಿ ಮೈಸೂರಿಗೆ ಮಾತು ತಪ್ಪಿದವನ ಮನೆತನವು, ಮೈಸೂರಿನ ಸ್ನೇಹವೆಂಬ ಆರೋಪದಿಂದಲೇ ಇಂಗ್ಲಿಷರಿಗೆ ರಾಜ್ಯವನ್ನು ಒಪ್ಪಿಸಬೇಕಾಯಿತು.

ಮಾತಿಗೆ ನಿಲ್ಲದ ಕಂಪನಿಯೆದುರು ಯಾವ ದೌತ್ಯವೂ ಫಲಿಸುತ್ತಿರಲಿಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಅದರಲ್ಲಿ ಸತ್ಯಾಂಶವಿದೆ. ಆದರೆ ಕಂಪನಿಯ ಬಲವಿದ್ದದ್ದು ಬಂದೂಕಿನಲ್ಲಿ ಮಾತ್ರವಲ್ಲ. ನೆರೆಹೊರೆಯವರ ಪರಸ್ಪರ ಅಪನಂಬಿಕೆಯಲ್ಲಿ. ಆ ಅಪನಂಬಿಕೆಯನ್ನು ನೀಗುವುದು ವರ್ಸೇಲ್ಸಿನ ಕೆಲಸವಾಗಿರಲಿಲ್ಲ. ಪುಣೆ, ಹೈದರಾಬಾದು ಮತ್ತು ಚೇಪಾಕುಗಳಲ್ಲಿ ಆಗಬೇಕಾದ ಕೆಲಸವಾಗಿತ್ತು.

ಇದು ಅರಸರ ಕಾಲಕ್ಕೆ ಮುಗಿದ ಕತೆಯಲ್ಲ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಸಹಿ ಹಾಕಿದ ಒಪ್ಪಂದದ ಬೆನ್ನಿಗೇ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕೆಗೆ ಹೋಯಿತು. ಆಯುಧ ಹಿಡಿದಿದ್ದ ಹುಲಿಗಳು ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲ. ಸಾವಿರಕ್ಕೂ ಹೆಚ್ಚು ಯೋಧರು ಪ್ರಾಣ ಕಳೆದುಕೊಂಡರು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ಮದರಾಸು ಬಂದರಿಗೆ ಮರಳಿದಾಗ ಮುಖ್ಯಮಂತ್ರಿ ಕರುಣಾನಿಧಿಯವರು ಸ್ವಾಗತಕ್ಕೆ ಹೋಗಲಿಲ್ಲ. ಸಂಧಿಯನ್ನು ಮಾಡಿದವರು ಒಬ್ಬರು, ವಿಗ್ರಹವನ್ನು ಹೊತ್ತವರು ಮತ್ತೊಬ್ಬರು.

ಆದುದರಿಂದ ಕನ್ನಡದ ಅಧ್ಯಯನವು ದಂಡಯಾತ್ರೆಗಳ ವರ್ಣನೆಯಲ್ಲಿಯೇ ತೃಪ್ತಿಪಡಬಾರದು. ಶಾಸನಗಳಲ್ಲಿ ಬರುವ ಸಂಧಿವಿಗ್ರಹಿಗಳನ್ನು, ವಕೀಲರ ಕಾಗದಗಳನ್ನು, ಕುಮಾರವ್ಯಾಸನ ಕೃಷ್ಣಸಂಧಾನವನ್ನು ರಾಜನೀತಿಯ ಪಾಠಗಳಾಗಿಯೂ ಓದಬೇಕಾಗಿದೆ. ಸೈನ್ಯವನ್ನು ಹೊರನಾಡಿಗೆ ಕಳುಹಿಸುವ ನಾಯಕನನ್ನು ಪ್ರಜೆಗಳು ಕೇಳಬೇಕಾದ ಪ್ರಶ್ನೆ ಗೆಲ್ಲುವಿರಾ ಎಂಬುದಷ್ಟೇ ಅಲ್ಲ. ಸೈನ್ಯ ಹಿಂದಿರುಗಿದ ಮರುದಿನ ಈ ಮಾತನ್ನು ಉಳಿಸುವವರು ಯಾರು ಎಂಬುದು. ಹೈದರನ ಕುದುರೆಗಳು ಮದರಾಸಿನಿಂದ ಹಿಂದಿರುಗಿದಾಗ ಆ ಪ್ರಶ್ನೆಗೆ ಉತ್ತರವಿರಲಿಲ್ಲ.