ಹುಳುವಿಗೆ ನಾಲ್ಕು ಜ್ವರ, ಬೋರ್ಡಿಗೆ ದಿನಾ ಜ್ವರ

ಫ್ಯಾನಿಗೆ ಪಿನ್ನು ಕೊಟ್ಟು, ಆ ಫ್ಯಾನು ತಿರುಗಿಸೋ ಸಾಫ್ಟ್‌ವೇರ್ ಕೊಡದೆ ಬೋರ್ಡು ಮಾರೋದು ಅರ್ಧ ಮಾಲು ಮಾರಿದ ಹಾಗೆ. ಇದನ್ನ ‘ಓಪನ್ ಸೋರ್ಸ್ ಅಲ್ವಾ, ನೀವೇ ಮಾಡ್ಕೊಳ್ಳಿ’ ಅಂತ ಸಮರ್ಥಿಸೋರ ಹತ್ರ ನನ್ನ ಜಗಳ ಇದೆ.

ಸೆಕೆ ಲೆಕ್ಕ ಏನು ಅಂತ ನಂಜನಗೂಡು, ಟಿ. ನರಸೀಪುರದ ಕಡೆ ರೇಷ್ಮೆ ಸಾಕೋರನ್ನ ಕೇಳಿ. ಮೈಸೂರು ಸಿಲ್ಕ್ ಸೀರೆಗೆ ನೂಲು ತೆಗೆಯೋ ಕೆಎಸ್‌ಐಸಿ ಕಾರ್ಖಾನೆ ಇರೋದು ಟಿ. ನರಸೀಪುರದಲ್ಲೇ. ಗೂಡು ಕಟ್ಟೋಕೆ ಮೊದಲು ಹುಳುವಿಗೆ ನಾಲ್ಕು ಜ್ವರ. ಚಾಕಿ ಹುಳುವಿಗೆ 27–28 ಡಿಗ್ರಿ ಬೇಕು, ದೊಡ್ಡ ಹುಳುವಿಗೆ 24–25 ಸಾಕು. ಏರಿದ್ರೆ ಕಿಟಕಿಗೆ ಒದ್ದೆ ಗೋಣಿತಾಟು. ಯಾವ ಸೆಕೆಗೆ ಏನು ಮಾಡಬೇಕು ಅನ್ನೋದು ಸ್ಕೂಲು ಮೆಟ್ಟಿಲು ಹತ್ತದ ನಮ್ಮಜ್ಜಿಗೂ ಗೊತ್ತಿತ್ತು.

ಲಿನಕ್ಸ್ ಕರ್ನಲ್‌ಗೂ ಗೊತ್ತು. ಚಿಪ್ಪಿನ ಸೆನ್ಸರನ್ನ ಅದು ಓದುತ್ತೆ. 80000 ಅಂತ ತೋರಿಸಿದ್ರೆ 80 ಡಿಗ್ರಿ. ಫ್ಯಾನಿನ ವೇಗ ಏರಿಸಿ ಇಳಿಸೋ ಡ್ರೈವರ್ರೂ ಅದರೊಳಗೇ ಇದೆ. ಇವೆರಡಕ್ಕೂ ಗಂಟು ಹಾಕೋದು ಡಿವೈಸ್ ಟ್ರೀ ಅನ್ನೋ ಫೈಲು. ಫ್ಯಾನು ಇಂಥ ಪಿನ್ನಿನಲ್ಲಿದೆ, ಇಷ್ಟು ಡಿಗ್ರಿಗೆ ಇಷ್ಟು ವೇಗ ಅಂತ ಅದರಲ್ಲಿ ಕೆಲವೇ ಸಾಲು ಬೇಕು. ಬೋರ್ಡು ಮಾಡಿದವನಿಗೆ ಅದು ಅರ್ಧ ದಿನದ ಕೆಲಸ. ಆದ್ರೆ ಎಷ್ಟೋ ಕಂಪನಿಗಳು ಆ ಸಾಲುಗಳನ್ನ ತಮ್ಮ ಹಳೇ ಕರ್ನಲ್‌ನಲ್ಲಿ ಮಾತ್ರ ಬರೆದಿಟ್ಟು, ಮುಖ್ಯ ಕರ್ನಲ್‌ಗೆ ಕಳಿಸದೆ, ಮುಂದಿನ ಮಾಡೆಲ್ ಮಾರೋಕೆ ಹೋಗಿಬಿಡ್ತವೆ. ನೀವು ಸೆಕ್ಯುರಿಟಿಗೆ ಅಂತ ಹೊಸ ಕರ್ನಲ್ ಹಾಕ್ತೀರಿ, ಫ್ಯಾನು ಕಲ್ಲಾಗುತ್ತೆ.

ನಮ್ಮ ಸೋದರಮಾವನ ಹುಳು ಮನೆಯಲ್ಲಿ ಅಂಥದ್ದೇ ಒಂದು ಬೋರ್ಡಿದೆ. ಒಳಗಿನ ಸೆಕೆ, ತೇವ ನೋಡಿ ಫೋನಿಗೆ ತಿಳಿಸಬೇಕಾದ್ದು ಅದರ ಕೆಲಸ. ಅದು ಕೂತಿರೋದು ಪಕ್ಕದ ಶೀಟಿನ ಕೋಣೇಲಿ. ಏಪ್ರಿಲ್ ಮಧ್ಯಾಹ್ನ ಹುಳುವಿಗೆ ಸೆಕೆ ಅಂತ ಕೂಗಬೇಕಾದ ಹೊತ್ತಿಗೇ ತಾನು ಕಾದು ಬಂದ್ ಆಗುತ್ತೆ. ಕಾವಲುಗಾರನೇ ಮಲಗಿಬಿಟ್ರೆ ಮನೆ ಗತಿ ಏನು?

‘ಬಿಸಿ ಆದ್ರೆ ಚಿಪ್ಪು ತಾನೇ ನಿಧಾನ ಆಗುತ್ತೆ ಬಿಡ್ರೀ’ ಅಂತಾರೆ ಕೆಲವರು. ಸರಿ ಸ್ವಾಮಿ, ಲೆಕ್ಕ ಹಾಕಿ. ಕೆಲಸದ ಹೊತ್ತಲ್ಲಿ ಚಿಪ್ಪು ಕೋಣೆಗಿಂತ 45 ಡಿಗ್ರಿ ಜಾಸ್ತಿ ಕಾಯುತ್ತೆ ಅಂತಿಟ್ಟುಕೊಳ್ಳಿ. ಬೆಂಗಳೂರಿನ ಎಸಿ ಆಫೀಸಿನ 25ರಲ್ಲಿ ಅದು 70. ಶೀಟಿನ ಕೆಳಗಿನ 40ರಲ್ಲಿ 85. ಅದೇ ಬೋರ್ಡು, ಅದೇ ದುಡ್ಡು. ಅಲ್ಲಿ ಓಡುತ್ತೆ, ಇಲ್ಲಿ ತೆವಳುತ್ತೆ.

‘ಫ್ಯಾನನ್ನ 5 ವೋಲ್ಟ್ ಪಿನ್ನಿಗೆ ಸಿಕ್ಕಿಸಿ, ಸದಾ ತಿರುಗಲಿ’ ಅನ್ನೋರೂ ಇದ್ದಾರೆ. ಬೇಡದ ಹೊತ್ತಲ್ಲೂ ತಿರುಗೋ ಫ್ಯಾನು ಧೂಳು ಎಳೆಯುತ್ತೆ, ಬೇರಿಂಗ್ ಸವೆಸುತ್ತೆ, ಕರೆಂಟು ಹೋದಾಗ ಬ್ಯಾಟರಿ ತಿನ್ನುತ್ತೆ.

ಇದು ಆಗದ ಕೆಲಸ ಏನಲ್ಲ. 2019ರ ರಾಸ್ಪ್‌ಬೆರಿ ಪೈ 4ರಲ್ಲಿ ಫ್ಯಾನಿಗೆ ಬೇರೆ ಕನೆಕ್ಟರ್ ಇರಲಿಲ್ಲ. 2023ರ ಪೈ 5ರಲ್ಲಿ ಕನೆಕ್ಟರೂ ಬಂತು, 50, 60, 67.5, 75 ಡಿಗ್ರಿಗೆ ಮೆಟ್ಟಿಲು ಮೆಟ್ಟಿಲಾಗಿ ವೇಗ ಏರಿಸೋ ಏರ್ಪಾಡೂ ಬಂತು. ಒಬ್ಬರು ಮಾಡಿದ್ದನ್ನ ಉಳಿದವರು ಯಾಕೆ ಮಾಡಬಾರದು?

ನಾನು ಬಿಇ ಓದಿದೋನು, ಸ್ಕ್ರಿಪ್ಟ್ ಬರ್ಕೋತೀನಿ. ಸೊಪ್ಪು ಕೊಯ್ದು ಬಂದ ಮಾವ ಬರೀಬೇಕಾ? ‘ನೀವೇ ಮಾಡ್ಕೊಳ್ಳಿ’ ಅನ್ನೋ ಮಾತು ಸ್ವಾತಂತ್ರ್ಯದ ಮಾತಲ್ಲ, ಗೊತ್ತಿಲ್ಲದವರನ್ನ ಬಾಗಿಲಾಚೆ ನಿಲ್ಲಿಸೋ ಮಾತು.

ಹಾಗಾಗಿ ಸ್ಕೂಲಿಗೋ ಪಂಚಾಯ್ತಿಗೋ ಬೋರ್ಡು ಕೊಳ್ಳೋರು ಟೆಂಡರ್‌ನಲ್ಲಿ ಒಂದು ಸಾಲು ಸೇರಿಸಿ: ಮುಖ್ಯ ಕರ್ನಲ್‌ನಲ್ಲೇ ಫ್ಯಾನು ಸೆಕೆ ನೋಡಿ ತಿರುಗಬೇಕು. ನನ್ನಂಥ ಎಂಜಿನಿಯರುಗಳು ಮನೆಮಟ್ಟಿಗೆ ಸ್ಕ್ರಿಪ್ಟ್ ಬರೆದು ಸುಮ್ಮನಾಗದೆ, ಪಿನ್ನು ಹುಡುಕಿ ಆ ಸಾಲುಗಳನ್ನ ಮುಖ್ಯ ಕರ್ನಲ್‌ಗೇ ಕಳಿಸೋಣ. ಕಂಪನಿಯವರು ಮಾತ್ರ ಮಾರೋಕೆ ಮುಂಚೆ ಒಂದು ಏಪ್ರಿಲ್ ತಿಂಗಳು ನಮ್ಮೂರ ಶೀಟಿನ ಕೆಳಗೆ ಬೋರ್ಡು ಇಟ್ಟು ನೋಡಲಿ.