ಫೋನಿನ ಕವರಿನೊಳಗೆ ಬ್ಯಾಂಕು

ಕಳೆದ ವಾರ ಚಿಕ್ಕಮ್ಮನನ್ನು ರಾತ್ರಿಯ ಬೆಂಗಳೂರು ಬಸ್ಸಿಗೆ ಹತ್ತಿಸಲು ಪುತ್ತೂರು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಟಿಕೆಟಿನ ಮೆಸೇಜು ತೋರಿಸಲು ಅವರು ಫೋನು ತೆಗೆದರು. ಪುಸ್ತಕದ ಹಾಗೆ ಮಡಚುವ ಕವರು. ಒಂದು ಪದರದಲ್ಲಿ ಎಟಿಎಂ ಕಾರ್ಡು, ಇನ್ನೊಂದರಲ್ಲಿ ಆಧಾರ್, ನಡುವೆ ಮಡಚಿಟ್ಟ ಒಂದು ಚೀಟಿ. ಚೀಟಿಯಲ್ಲಿ ನಾಲ್ಕು ಅಂಕಿ. “ಎಲ್ಲ ಒಂದೇ ಕಡೆ ಇದ್ರೆ ಹುಡುಕ್ಲಿಕ್ಕೆ ಸುಲಭ ಅಲ್ವಾ?” ಅಂದರು.

ನನಗೆ ಹೆದರಿಕೆಯಾದದ್ದು ಅಲ್ಲೇ. ಯುಪಿಐ ಪಿನ್ ಹೊಸದಾಗಿ ಹಾಕಲು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು, ಫೋನಿಗೆ ಬರುವ ಒಟಿಪಿ ಬೇಕು. ಕೆಲವು ಬ್ಯಾಂಕುಗಳು ಎಟಿಎಂ ಪಿನ್ನನ್ನೂ ಕೇಳುತ್ತವೆ. ಆ ಒಂದು ಕವರಿನಲ್ಲಿ ಇವೆಲ್ಲವೂ ಇದ್ದವು. ಫೋನಿಗೆ ಲಾಕ್ ಇದೆಯಲ್ಲ ಎಂದು ಹಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅಲ್ಲಿಗೇ ಬರುತ್ತದೆ. ಇದನ್ನು ತಡೆಯುವುದು ಸಿಮ್ ಪಿನ್. ಫೋನಿನ ಸೆಟ್ಟಿಂಗ್ಸ್‌ನಲ್ಲೇ ಇದೆ. ಆದರೆ ಕಂಪನಿ ಕೊಟ್ಟ ಮೊದಲ ಪಿನ್ ಗೊತ್ತಿಲ್ಲದೆ ಊಹಿಸಿ ಒತ್ತಬೇಡಿ, ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗುತ್ತದೆ.

ಚೀಟಿಯ ವಿಷಯ ಇನ್ನೂ ಗಂಭೀರ. ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಬ್ಯಾಂಕಿನದ್ದೂ ಗ್ರಾಹಕನದ್ದೂ ತಪ್ಪಿಲ್ಲದೆ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನ ತಲೆಗೆ ಬರುವುದಿಲ್ಲ. ಗ್ರಾಹಕನ ಅಜಾಗರೂಕತೆಯಿಂದ ಹೋದದ್ದಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಪಿನ್ ಬರೆದಿಟ್ಟ ಚೀಟಿಯನ್ನು ಬ್ಯಾಂಕು ಅಜಾಗರೂಕತೆ ಎಂದರೆ ನಾವು ಏನು ವಾದಿಸಲು ಸಾಧ್ಯ?

ತಿಳಿಸುವುದಾದರೂ ಹೇಗೆ? ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ. ಫೋನು ಹೋದದ್ದು ಗೊತ್ತಾದ ಕೂಡಲೇ ಪಕ್ಕದ ಸೀಟಿನವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆ ತಡೆಹಿಡಿಸಬೇಕು. ಹಣ ಹೋಗಿದ್ದರೆ 1930ಕ್ಕೂ ತಿಳಿಸಬೇಕು. ಆ ನಂಬರುಗಳು ಕಳೆದುಹೋದ ಫೋನಿನಲ್ಲೇ ಇದ್ದರೆ ಪ್ರಯೋಜನವಿಲ್ಲ, ಕಾಗದದಲ್ಲಿ ಬರೆದಿಡಬೇಕಾದದ್ದು ಅವನ್ನು. ಡುಪ್ಲಿಕೇಟ್ ಸಿಮ್ ಸಿಕ್ಕಿದರೂ ಮೊದಲ 24 ಗಂಟೆ ಅದಕ್ಕೆ ಎಸ್‌ಎಂಎಸ್ ಬರುವುದಿಲ್ಲ, ಒಟಿಪಿಯೂ ಇಲ್ಲ. ಒಂದು ದಿನದ ಊಟಕ್ಕೆ, ರೂಮಿಗೆ, ಬಸ್ಸಿಗೆ ಆಗುವಷ್ಟು ನೋಟು ಬೇರೆ ಕಡೆ ಇರಲೇಬೇಕು.

ನಮ್ಮಲ್ಲಿ ಇನ್ನೊಂದು ಅಭ್ಯಾಸವಿದೆ. ಅಡಿಕೆ ಮಾರಿದ ದುಡ್ಡು ಬೀಳುವ ಖಾತೆಗೇ ಯುಪಿಐ ಜೋಡಿಸಿಕೊಂಡು, ಅದೇ ಫೋನಿನಲ್ಲಿ ದಾರಿಯ ಚಾಯಕ್ಕೂ ಕೊಡುತ್ತೇವೆ. ವರ್ಷದ ಫಸಲು ಹದಿನೈದು ರೂಪಾಯಿಯ ಚಾಯದ ಪಕ್ಕದಲ್ಲಿ ಕೂತಿರುತ್ತದೆ. ಬೇರೊಂದು ಖಾತೆ ತೆರೆದು, ನಾಲ್ಕೈದು ಸಾವಿರ ಹಾಕಿ, ಯುಪಿಐ ಅದಕ್ಕೆ ಮಾತ್ರ ಜೋಡಿಸಿ. ನಾನು ಬೇರೇನೂ ಹೇಳದಿದ್ದರೂ ಇದನ್ನು ಹೇಳುತ್ತಿದ್ದೆ.

2023ರಲ್ಲಿ ನಮ್ಮ ಜಿಲ್ಲೆಯಲ್ಲೇ ನಡೆದದ್ದು ನೆನಪಿರಬಹುದು. ಆಸ್ತಿ ನೋಂದಣಿ ಮಾಡಿಸಿದ ಹಲವರ ಹೆಬ್ಬೆರಳ ಗುರುತನ್ನು ದಾಖಲೆಗಳಿಂದ ನಕಲು ಮಾಡಿ, ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದರು. ಮಂಗಳೂರು ಪೊಲೀಸರು ಬಿಹಾರದವರನ್ನು ಬಂಧಿಸಿದರು. ಅದಕ್ಕೆ ಒಟಿಪಿಯೂ ಬೇಕಾಗಿರಲಿಲ್ಲ. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ ಹೊರಟರೆ ಈ ಬಾಗಿಲು ಮುಚ್ಚುತ್ತದೆ. ಗಲ್ಫಿಗೆ ಹೋಗುವ ಹುಡುಗರು ಊರಿನ ಸಿಮ್ಮನ್ನು ರಿಚಾರ್ಜ್ ಮಾಡುತ್ತಿರಬೇಕು. 90 ದಿನ ಬಳಸದೆ ಬಿಟ್ಟರೆ ನಂಬರು ಕಡಿದು, ಮುಂದೆ ಇನ್ನೊಬ್ಬರಿಗೆ ಹೋಗಬಹುದು. ಬ್ಯಾಂಕಿನ ದಾಖಲೆಯಲ್ಲಿ ಮಾತ್ರ ಅದೇ ನಂಬರು.

ಕೆನರಾ (1906), ಕರ್ಣಾಟಕ (1924), ಸಿಂಡಿಕೇಟ್ (1925), ವಿಜಯಾ (1931) ಬ್ಯಾಂಕುಗಳು ಹುಟ್ಟಿದ್ದು ಅಂದಿನ ನಮ್ಮ ಜಿಲ್ಲೆಯಲ್ಲಿ. 1928ರಿಂದಲೇ ಪಿಗ್ಮಿಯವರು ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಂತೆ ಉಳಿಸಲು ಕಲಿಸಿದರು. ಹಾಗೆ ಉಳಿಸಿದ ದುಡ್ಡನ್ನು ಕಾಯುವುದು ಹೇಗೆಂದು ಕೌಂಟರಿನಲ್ಲಿ ಕೂರಿಸಿ, ಕನ್ನಡದಲ್ಲೋ ತುಳುವಿನಲ್ಲೋ, ಗ್ರಾಹಕರ ಕೈಯಲ್ಲೇ ಒತ್ತಿಸಿ ತೋರಿಸುವ ಕೆಲಸ ಪುತ್ತೂರು, ಸುಳ್ಯ, ಕಡಬದ ಪ್ರತಿ ಶಾಖೆಯಲ್ಲೂ ಆಗಬೇಕು.

ಬಸ್ಸು ಹೊರಡುವ ಮೊದಲು ಚೀಟಿ ಹರಿದು ಹಾಕಿದೆವು. ಕಾರ್ಡನ್ನು ಚಿಕ್ಕಮ್ಮ ಬ್ಯಾಗಿನಲ್ಲಿ ಮಡಚಿದ ಸೀರೆಗಳ ನಡುವೆ ಇಟ್ಟರು. ಸಿಮ್ ಪಿನ್ ಹಾಕಲು ಹೊತ್ತು ಸಾಲಲಿಲ್ಲ. ಆದಿತ್ಯವಾರ ಬೆಳಿಗ್ಗೆ ಅವರು ಬಂದಿಳಿಯುತ್ತಾರೆ, ಆವತ್ತೇ ಹಾಕುವುದೆಂದು ಮಾತಾಗಿದೆ.