ಕಳ್ಳನ ಕಥೆ ಮತ್ತು ಜನರ ನ್ಯಾಯ

ಮಟ್ಟಾಂಚೇರಿಯ ಅರಮನೆಯ ಗೋಡೆಗಳ ಮೇಲೆ ರಾಮಾಯಣದ ಕಥೆ ಬಣ್ಣಗಳಲ್ಲಿ ಉಳಿದಿದೆ. ಪೋರ್ಚುಗೀಸರು 1555ರ ಸುಮಾರಿಗೆ ಕಟ್ಟಿಸಿ ಕೊಚ್ಚಿಯ ಅರಸರಿಗೆ ಒಪ್ಪಿಸಿದ ಕಟ್ಟಡವದು. ಅರಸೊತ್ತಿಗೆ ತನ್ನ ನೆನಪಿಗೆ ಗೋಡೆಗಳನ್ನು ಕಟ್ಟಿಕೊಳ್ಳಬಲ್ಲದು. ಉಳಿದವರ ನೆನಪಿಗೆ ಬಾಯಿಮಾತೇ ಆಸರೆ. ಕೊಚ್ಚಿಯ ದಕ್ಷಿಣಕ್ಕಿದ್ದ ತಿರುವಿದಾಂಕೂರು ಸಂಸ್ಥಾನದ ದರೋಡೆಗಾರ ಕಾಯಂಕುಳಂ ಕೊಚ್ಚುಣ್ಣಿ ಇಂದಿಗೂ ಬದುಕಿರುವುದು ಆ ಬಾಯಿಮಾತಿನ ಬಲದಿಂದಲೇ.

ಕೊಚ್ಚುಣ್ಣಿ 1818ರಲ್ಲಿ ಹುಟ್ಟಿ, 1859ರಲ್ಲಿ ತಿರುವನಂತಪುರದ ಸೆರೆಮನೆಯಲ್ಲಿ ಸತ್ತನೆಂಬುದು ಪ್ರಚಲಿತ ನಂಬಿಕೆ. ಉಳ್ಳವರಿಂದ ದೋಚಿ ಇಲ್ಲದವರಿಗೆ ಹಂಚಿದನೆಂಬ ಅವನ ಕೀರ್ತಿಯನ್ನು ಕೊಟ್ಟಾರತ್ತಿಲ್ ಶಂಕುಣ್ಣಿಯವರ ‘ಐತಿಹ್ಯಮಾಲಾ’ ಬರಹಕ್ಕಿಳಿಸಿತು. 1966 ಮತ್ತು 2018ರ ಚಲನಚಿತ್ರಗಳು ಅದನ್ನು ಮತ್ತಷ್ಟು ಬೆಳೆಸಿದವು. ಕೋಳೆಂಚೇರಿ ಸಮೀಪದ ಎಡಪ್ಪಾರ ಮಲದೇವರ ನಡೆಯಲ್ಲಿ ಮುಸಲ್ಮಾನನಾದ ಈ ಕಳ್ಳನಿಗೆ ಮಲೆಯ ದೈವಗಳ ಸಾಲಿನಲ್ಲಿ ಪೂಜೆ ಸಲ್ಲುತ್ತದೆ.

ಕನ್ನಡಿಗರಿಗೆ ಇದು ಅಪರಿಚಿತ ಸಂಗತಿಯಲ್ಲ. ಜತ್ತ ಸೀಮೆಯ ಸಿಂಧೂರ ಲಕ್ಷ್ಮಣ 1922ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಸರಕಾರದ ಕಣ್ಣಿನಲ್ಲಿ ದರೋಡೆಕೋರನಾಗಿದ್ದವನು ಉತ್ತರ ಕರ್ನಾಟಕದ ಹಾಡು, ನಾಟಕಗಳಲ್ಲಿ ವೀರನಾದ. ಅಮೆರಿಕದ ಆರ್ಥಿಕ ಕುಸಿತದ ಕಾಲದಲ್ಲಿ ಬ್ಯಾಂಕುಗಳನ್ನು ದೋಚಿ 1934ರಲ್ಲಿ ಹತನಾದ ಚಾರ್ಲ್ಸ್ ಫ್ಲಾಯ್ಡ್ ರೈತರ ಅಡಮಾನ ಪತ್ರಗಳನ್ನು ಹರಿದೆಸೆದನೆಂಬ ಕಥೆಯೂ ಇದೇ ಜಾತಿಯದು. ಜಮೀನು ಕಳೆದುಕೊಂಡವನಿಗೆ ಆ ಪತ್ರ ನಿಜವಾಗಿ ಹರಿಯಿತೇ ಎಂಬುದಕ್ಕಿಂತ, ಅದು ಹರಿಯಬೇಕಾಗಿತ್ತು ಎಂಬುದೇ ಮುಖ್ಯ. ನ್ಯಾಯಸ್ಥಾನದಲ್ಲಿ ದೊರೆಯದ ತೀರ್ಪನ್ನು ಜನರು ಕಥೆಯಲ್ಲಿ ಬರೆದುಕೊಳ್ಳುತ್ತಾರೆ.

ಎರಿಕ್ ಹಾಬ್ಸ್‌ಬಾಮ್ ಇಂಥವರನ್ನು ‘ಸಾಮಾಜಿಕ ದರೋಡೆಕೋರ’ರೆಂದು ಕರೆದು, 1969ರಲ್ಲಿ ಅವರ ಬಗ್ಗೆ ಒಂದು ಗ್ರಂಥವನ್ನೇ ಬರೆದರು. ಇಂಥ ಅನೇಕರು ಉಳ್ಳವರ ಆಶ್ರಯದಲ್ಲಿದ್ದು ಬಡವರನ್ನೇ ಹಣಿದರೆಂದು 1972ರಲ್ಲಿ ಆಂಟನ್ ಬ್ಲಾಕ್ ಆಕ್ಷೇಪಿಸಿದರು. ನಮ್ಮ ಜಾನಪದ ಅಧ್ಯಯನ ಮೊದಲನೆಯ ಮಾತನ್ನು ಉತ್ಸಾಹದಿಂದ ಸ್ವೀಕರಿಸಿ, ಎರಡನೆಯದಕ್ಕೆ ಸಾಕಷ್ಟು ಕಿವಿಗೊಡಲಿಲ್ಲವೆಂಬುದು ನನ್ನ ಅಭಿಪ್ರಾಯ. ‘ಪ್ರತಿರೋಧ’ವೆಂಬ ಒಂದೇ ಪದದಿಂದ ಇಡೀ ಕಥೆಯನ್ನು ಅಳೆದುಬಿಡುವ ಅವಸರ ನಮ್ಮದು.

ಕಥೆಯೇ ಆ ಅವಸರಕ್ಕೆ ಅಡ್ಡಬರುತ್ತದೆ. ಹೆಂಡತಿಯ ತಾಯಿಯ ಸಾವಿಗೆ ಕೊಚ್ಚುಣ್ಣಿಯೇ ಕಾರಣನಾದುದನ್ನು ಶಂಕುಣ್ಣಿಯವರು ಮುಚ್ಚಿಡುವುದಿಲ್ಲ. ಕೊಡುಗೈ ದಾನಿಯನ್ನೂ ಮನೆಯ ಹೆಂಗಸಿನ ಮೇಲೆ ಕೈಮಾಡಿದವನನ್ನೂ ಅದೇ ಐತಿಹ್ಯ ಒಟ್ಟಿಗೆ ಹೊತ್ತಿದೆ. ಜನರ ಮನಸ್ಸು ಇದನ್ನು ತಾಳಿಕೊಂಡಿತು. ವೀರನನ್ನು ನಿಷ್ಕಳಂಕನಾಗಿಸಿಯೇ ತೀರಬೇಕೆಂಬ ಹಟ ವಿದ್ವಾಂಸರಿಗೂ ವೇದಿಕೆಗೂ ಬೆಳ್ಳಿತೆರೆಗೂ ಬಂದುದು. ಕಳಂಕವನ್ನು ಅಳಿಸಿದರೆ ಆ ಮುದುಕಿ ಎರಡನೆಯ ಬಾರಿ ಸಾಯುತ್ತಾಳೆ.

ಆದಕಾರಣ ಲಾವಣಿಯೊಂದನ್ನು ಸಂಗ್ರಹಿಸುವಾಗ ನಮ್ಮ ವಿದ್ಯಾರ್ಥಿಗಳು ಎರಡು ಪ್ರಶ್ನೆಗಳನ್ನು ಜೊತೆಗೊಯ್ಯಬೇಕು. ಯಾವ ಅನ್ಯಾಯ ಈ ಕಳ್ಳನನ್ನು ಜನರಿಗೆ ಬೇಕಾದವನನ್ನಾಗಿ ಮಾಡಿತು? ಅವನಿಂದ ನೊಂದವರ ಮಾತು ಯಾವ ಸೊಲ್ಲಿನಲ್ಲಿ ಉಳಿದಿದೆ, ಎಲ್ಲಿ ಬಿಟ್ಟುಹೋಗಿದೆ? ಮೊದಲನೆಯದಕ್ಕೆ ಹಾಡುವವನು ಉತ್ತರಿಸಿಯಾನು. ಎರಡನೆಯದಕ್ಕಾಗಿ ಪೊಲೀಸ್ ದಾಖಲೆಯನ್ನೂ ಓದಬೇಕು, ಹಾಡು ಮುಗಿದ ಮೇಲೆ ಅಂಗಳದಲ್ಲಿ ಕುಳಿತ ಹೆಂಗಸರ ಮಾತನ್ನೂ ಕೇಳಬೇಕು.